ಕೆಂಚಣ್ಣನ ಕಲ್ಲಿನ ತೂಕ

ಕಲ್ಲನ್ನು ತೂಗಿಸೋಣ ಅಂತ ಮೊದಲು ಬಾಯಿ ಬಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಆಮೇಲೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳಿಕೊಂಡು ತಿರುಗಿದರು.

ಬಂಡ್ರಿಯಿಂದ ಸಂಡೂರಿಗೆ ಹೋಗುವ ರಸ್ತೆಯ ಮೇಲೆ ನನ್ನ ಖಾನಾವಳಿ. ಮೈನ್ಸ್ ಜೋರಾದ ಮೇಲೆ ಹಗಲೂ ರಾತ್ರಿ ಅದಿರಿನ ಲಾರಿ. ರೊಟ್ಟಿ ಬಡಿದಷ್ಟೂ ಸಾಲದು, ಮುಚ್ಚಿಟ್ಟ ಪಲ್ಯದ ಮೇಲೂ ಕೆಂಪು ಧೂಳು. ಆ ಸಲ ನಮ್ಮ ವಾರ್ಡಿನ ಸೀಟು ಹೆಣ್ಣುಮಕ್ಕಳಿಗೆ ಬಂದಿತ್ತು. "ಚೆನ್ನಬಸಮ್ಮನ ಬಾಯಿಗೆ ಡ್ರೈವರುಗಳೇ ಹೆದರ್ತಾರ, ಪಂಚಾಯ್ತಿ ಯಾವ ಲೆಕ್ಕ" ಅಂತ ಜನ ನನ್ನನ್ನು ಮೆಂಬರ್ ಮಾಡಿ ಕೂರಿಸಿದ್ದರು.

ಮೆಂಬರ್ ಆದಮೇಲೆ ನಾನು ಹಿಡಿದ ಹಟ ಒಂದೇ. ಮೂರು ರಸ್ತೆ ಕೂಡುವಲ್ಲಿ ಹೊಸದಾಗಿ ಸರ್ಕಲ್ ಆಗುತ್ತಿತ್ತು. ಅದಕ್ಕೆ ಕೆಂಚಣ್ಣನ ಹೆಸರಿಡಬೇಕು, ಅವನು ಎತ್ತಿದ ಗುಂಡುಕಲ್ಲನ್ನು ಅಲ್ಲೇ ಕಟ್ಟೆಯ ಮೇಲೆ ಇಡಬೇಕು.

ಕೆಂಚಣ್ಣ ನನ್ನ ಒಡಹುಟ್ಟಿದವನಲ್ಲ, ಬಾಯಿಮಾತಿನ ಅಣ್ಣ. ಎಪ್ಪತ್ತಮೂರನೇ ಇಸವಿಯಲ್ಲಿ ಹೊಸಪೇಟೆಯಲ್ಲಿ ಗುಂಡು ಎತ್ತುವ ಪಂದ್ಯ ನಡೆದಿತ್ತು. ಕಂಪ್ಲಿ ಕಡೆಯ ಪೈಲ್ವಾನರು, ಮರಿಯಮ್ಮನಹಳ್ಳಿಯ ಗಟ್ಟಿ ಆಳುಗಳು, ಎಲ್ಲರೂ ಬಂದಿದ್ದರು. ನಮ್ಮ ಹನುಮಪ್ಪನ ಗುಡಿ ಮುಂದಿನ ಕರೀ ಕಲ್ಲನ್ನೇ ಬಂಡಿಯಲ್ಲಿ ಹೇರಿಕೊಂಡು ಹೋಗಿದ್ದರು. ಅದು ಬರೀ ಕಲ್ಲಲ್ಲ, ಗುಡ್ಡದಿಂದ ಉರುಳಿ ಬಂದ ಅದಿರಿನ ಗುಂಡು. ನೋಡಲು ದೊಡ್ಡ ಕುಂಬಳಕಾಯಿಯಷ್ಟು, ಮುಟ್ಟಿದರೆ ಭೂಮಿಗೆ ಬೇರು ಬಿಟ್ಟಂಗೆ. ಕಂಪ್ಲಿಯವನೊಬ್ಬ ಎದೆತನಕ ತಂದು ಬಿಟ್ಟ. ಕೆಂಚಣ್ಣ ಮೊಣಕಾಲಿಗೆ ತಂದ, ತೊಡೆಗೆ ತಂದ, ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಚೆಲ್ಲಿದ. ಅಲ್ಲಿಯ ಹತ್ತಿ ಮಾರ್ಕೆಟ್ಟಿನ ತಕ್ಕಡಿಯಲ್ಲಿ ಒಂದು ಕಡೆ ಕಲ್ಲು, ಇನ್ನೊಂದು ಕಡೆ ಒಂದು ಕ್ವಿಂಟಾಲಿನ ಜೋಳದ ಚೀಲ ಇಟ್ಟು, ಚೀಲದ ಮೇಲೆ ಇಪ್ಪತ್ತು ಕಿಲೋದ ನಾಲ್ಕು ಬಟ್ಟು ಪೇರಿಸಿದರಂತೆ. ನೂರಾ ಎಂಬತ್ತು ಕಿಲೋ. ಕೆಂಚಣ್ಣನಿಗೆ ಬೆಳ್ಳಿ ಕಡಗ ಹಾಕಿ ಎತ್ತಿನ ಬಂಡಿಯ ಮೇಲೆ ಊರಿಗೆ ಕರೆತಂದರು. ಆಗ ನಾನು ಲಂಗದ ಹುಡುಗಿ. ಬಂಡಿಯ ಹಿಂದೆ ಓಡಿ ಮೊಣಕಾಲು ಕೆತ್ತಿಸಿಕೊಂಡಿದ್ದೆ.

ಈಗ ಅವನಿಗೆ ಅರವತ್ತು ದಾಟಿತ್ತು, ಮಂಡಿ ಹೋಗಿದ್ದವು. ಮುಂಜಾನೆ ನನ್ನ ಖಾನಾವಳಿಯ ಬೆಂಚಿನ ಮೇಲೆ ಒಂದು ಕಪ್ ಚಹಾ ಹಿಡಿದು ಕೂತರೆ ಬಿಸಿಲೇರುವತನಕ ಅಲ್ಲೇ. ಸರ್ಕಲ್ಲಿನ ಮಾತು ತೆಗೆದಾಗ, "ಯಾಕ ತಂಗಿ, ಲಾರಿ ಬಂದು ಗುದ್ದಲಿ ಅಂತೇನು ನನ್ನ ಹೆಸರಿಗೆ" ಅಂತ ನಕ್ಕಿದ್ದ. ಆದರೆ ಮಾರನೇ ದಿನ ಕ್ಷೌರ ಮಾಡಿಸಿಕೊಂಡು ಬಂದಿದ್ದ.

ಪಂಚಾಯ್ತಿ ಅಧ್ಯಕ್ಷ ತಾಯಪ್ಪ ಒಪ್ಪಲಿಲ್ಲ. ಕೆಟ್ಟ ಮನುಷ್ಯ ಅಂತಲ್ಲ, ಕಾಗದ ಇಲ್ಲದೆ ಅವನಿಗೆ ಉಸಿರೂ ಬರುವುದಿಲ್ಲ.

"ಹೆಸರು ಇಡೋಣ ಚೆನ್ನಬಸಮ್ಮ. ಆದ್ರ ನೂರಾ ಎಂಬತ್ತು ಅಂತ ಹೆಂಗ ಬರಿಸೋದು? ಪಕ್ಕದ ಊರವರ ಗುಂಡು ಒಂದೂವರೆ ಕ್ವಿಂಟಾಲು ಐತಿ, ಅವರು ಚೀಟಿ ತೋರಿಸ್ತಾರ. ನಮ್ಮದಕ್ಕ ಚೀಟಿ ಎಲ್ಲಿ?"

ನಾನು ನಿಂತಲ್ಲೇ ಹೇಳಿದೆ, "ಊರಾಗ ಇಷ್ಟು ದೊಡ್ಡ ಲಾರಿ ಕಾಟಾ ಇಟ್ಕೊಂಡು ಚೀಟಿ ಎಲ್ಲಿ ಅಂತೀರಲ್ರಿ. ನಾಳೆ ಎಲ್ಲಾರ ಮುಂದ ತೂಗಸ್ತೀನಿ."

ಕಾಟಾ ಅಂದರೆ ಲಾರಿ ತೂಗುವ ವೇ ಬ್ರಿಡ್ಜ್. ನಮ್ಮೂರಿನದು ಶಂಭುಲಿಂಗ ಸಾವ್ಕಾರರದು. ಸರ್ಕಲ್ಲಿನ ಕಟ್ಟೆ ಕಟ್ಟಿಸಿಕೊಡುತ್ತೇನೆ ಅಂದವರೂ ಅವರೇ. ಆ ಕಾಟಾದ ಕ್ಯಾಬಿನ್ನಿನಲ್ಲಿ ಕೂತು ಚೀಟಿ ತೆಗೆದು ಸಹಿ ಮಾಡುವವನು ಹಂಪೇಶ್, ಕೆಂಚಣ್ಣನ ಮಗ. ಅಪ್ಪನ ಕಲ್ಲು, ಮಗನ ಕಾಟಾ, ಇದಕ್ಕಿಂತ ಚೆಂದ ಏನಿದೆ ಅಂತ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ.

ಬೆಳಿಗ್ಗೆ ಟ್ರ್ಯಾಕ್ಟರ್ ಬಂತು. ಮೊದಲು ಖಾಲಿ ಟ್ರೇಲರ್ ತೂಗಿದರು, ಆಮೇಲೆ ಕಲ್ಲು ಹೇರಿ ಮತ್ತೆ ತೂಗಿದರು. ಐವತ್ತು ಅರವತ್ತು ಮಂದಿ ಸೇರಿದ್ದರು. ಕೆಂಚಣ್ಣ ಬಿಳೀ ರುಮಾಲು ಸುತ್ತಿಕೊಂಡು ಬಂದಿದ್ದ. ಕ್ಯಾಬಿನ್ನಿನ ಕಿಟಕಿಯಲ್ಲಿ ಕೆಂಪು ಅಂಕಿ ಮೂಡಿದವು. ಹಂಪೇಶ್ ಚೀಟಿ ಹರಿದು ಕೊಡುವಾಗ ನನ್ನ ಮುಖ ನೋಡಲಿಲ್ಲ.

ತಾಯಪ್ಪ ಕಳೆದು ನೋಡಿದ. ಇನ್ನೊಮ್ಮೆ ಕಳೆದ.

"ನೂರಾ ನಲವತ್ತು" ಅಂದ.

ಹಿಂದಿನಿಂದ ಒಬ್ಬ, "ಪಕ್ಕದೂರಿನ ಗುಂಡಿಗಿಂತ ಕಡಿಮೀನ ಆತಲ್ಲೋ" ಅಂದ. ಇನ್ನೊಬ್ಬ, "ನಮ್ಮಪ್ಪ ಹೇಳಿದ್ದೆಲ್ಲಾ ಪುರಾಣ ಹಂಗಾರ" ಅಂತ ನಕ್ಕ. ಕೆಂಚಣ್ಣ ಟ್ರೇಲರ್ ಹತ್ತಿರ ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟ, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆ ರುಮಾಲು ಬಿಚ್ಚಿ ಕಂಕುಳಲ್ಲಿಟ್ಟುಕೊಂಡು ಮನೆ ಕಡೆ ನಡೆದ. ನಾನು ಹಿಂದೆ ಹಿಂದೆ ಹೋದೆ.

"ಅಣ್ಣಾ, ಏನೋ ತಪ್ಪಾಗೈತಿ."

"ಯಂತ್ರಕ್ಕ ನನ್ನ ಮ್ಯಾಲೆ ಏನು ಸಿಟ್ಟು ತಂಗಿ? ಮೂವತ್ತು ವರ್ಷ ಮಂದಿ ನೂರಾ ಎಂಬತ್ತು ಅಂದ್ರು, ನಾನೂ ಹೂಂ ಅಂದೆ. ಈಗ ನೋಡಿದ್ರ ಕಲ್ಲು ಹಗುರ ಐತಿ."

ಮರುದಿನ ಅವನು ಚಹಾಕ್ಕೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಗ್ರಾಮಸಭೆಗೆ ಐದು ದಿನ ಉಳಿದಿತ್ತು, ಅಲ್ಲಿ ಠರಾವು ಆಗಬೇಕಿತ್ತು. ನನಗೆ ಊಟ ಸೇರದಾಯಿತು. ಹಂಚಿನ ಮೇಲೆ ರೊಟ್ಟಿ ಸೀದು ಹೋಗುವತನಕ ನಿಂತುಬಿಡುತ್ತಿದ್ದೆ. ಬಾಯಿ ಮುಚ್ಚಿಕೊಂಡಿದ್ದರೆ ಮುದುಕ ತನ್ನ ನೂರಾ ಎಂಬತ್ತನ್ನು ಎದೆಯಲ್ಲಿಟ್ಟುಕೊಂಡೇ ಇರುತ್ತಿದ್ದ. ಮರ್ಯಾದೆ ಮಾಡಿಸುತ್ತೇನೆ ಅಂತ ಹೋಗಿ ಇದ್ದದ್ದನ್ನೂ ಕಳೆದೆನಲ್ಲ.

ಮೂರನೇ ದಿನ ಕುರೆಕುಪ್ಪ ಕಡೆಯ ಡ್ರೈವರ್ ಒಬ್ಬ ಉಣ್ಣುತ್ತಾ ಕೂತಿದ್ದ. ಪಕ್ಕದವನು ಕಲ್ಲಿನ ಕಥೆ ಹೇಳಿದ್ದಕ್ಕೆ ಅವನಿಗೆ ನಗು ತಡೆಯಲಾಗಲಿಲ್ಲ, ಅನ್ನ ನೆತ್ತಿಗೇರಿತು.

"ಅಲ್ಲೇನ್ರಿ ಅಕ್ಕ, ಶಂಭುಲಿಂಗ ಸಾವ್ಕಾರ್ರ ಕಾಟಾದಾಗ ತೂಗಿಸಿದ್ರಿ? ಅದು ಲಾರಿಗೇ ಹತ್ತಕ್ಕ ಎಂಟು ತೋರಸ್ತೈತಿ. ಪರ್ಮಿಟ್ಟಿಗಿಂತ ಹೆಚ್ಚು ಮಾಲು ಹೇರಿದ್ರೂ ಚೀಟಿ ಸರಿ ಬರ್ಲಿ ಅಂತ ಸೆಟ್ಟಿಂಗ್ ಮಾಡ್ಸ್ಯಾರ. ಇನ್ನ ನಿಮ್ಮ ಕಲ್ಲಿಗೆ ಬ್ಯಾರೆ ನ್ಯಾಯ ಮಾಡತೈತೇನು?"

ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು. ಈ ಮಾತು ನನಗೆ ಹೊಸದೇ? ಮೂರು ವರ್ಷದಿಂದ ನನ್ನ ಬೆಂಚಿನ ಮೇಲೆ ಕೂತು ದಿನಕ್ಕೆ ನಾಲ್ಕು ಮಂದಿ, "ಮಾಲೇ ಬ್ಯಾರೆ, ಚೀಟೀನ ಬ್ಯಾರೆ" ಅಂತ ಆಡಿಕೊಳ್ಳುತ್ತಿದ್ದರು. ಊರಿಗೆಲ್ಲಾ ಗೊತ್ತಿತ್ತು. ಆದರೆ ಅದು ಲಾರಿಯ ಮಾತು, ಮೈನ್ಸಿನವರ ಮಾತು ಅಂತ ಒಂದು ಮೂಲೆಗೆ ಇಟ್ಟುಬಿಟ್ಟಿದ್ದೆವು. ಹನುಮಪ್ಪನ ಗುಡಿಯ ಕಲ್ಲನ್ನು ಅದೇ ಕಾಟಾದ ಮೇಲೆ ಇಡುವಾಗ ಒಬ್ಬರಿಗೂ ಹೊಳೆಯಲಿಲ್ಲ ನೋಡಿ. ಎಣಿಸಿ ನೋಡಿದೆ: ಹತ್ತಕ್ಕೆ ಎಂಟಾದರೆ ನೂರಾ ಎಂಬತ್ತಕ್ಕೆ ನೂರಾ ನಲವತ್ತರ ಮೇಲೆ ಚೂರು. ಲಾರಿ ಕಾಟಾ ಚಿಲ್ಲರೆ ತೋರಿಸುವುದಿಲ್ಲ; ಸರಿಯಾಗಿ ಕೂತಿತು.

ಸೌಟು ಬಿಟ್ಟು ಸೀದಾ ಕ್ಯಾಬಿನ್ನಿಗೆ ಹೋದೆ. ಹಂಪೇಶ್ ಒಬ್ಬನೇ ಇದ್ದ. ನನ್ನ ಮುಖ ನೋಡುತ್ತಲೇ ಎದ್ದು ಬಾಗಿಲು ಹಾಕಿದ.

"ನಿನಗ ಗೊತ್ತಿತ್ತು" ಅಂದೆ.

"ಕಲ್ಲು ಹೇರೋತನಕ ನನಗೂ ಹೊಳೀಲಿಲ್ಲ ಅತ್ತಿ. ನಂಬರ್ ಬಂದ ಮ್ಯಾಲೆ ತಿಳೀತು. ಅಷ್ಟು ಮಂದಿ ಮುಂದ ಏನಂತ ಹೇಳ್ಲಿ?"

"ಕಾಟಾ ಸುಳ್ಳು ಹೇಳತೈತಿ ಅಂತ ಹೇಳು."

ಅವನು ಮೇಜಿನ ಕೆಳಗಿಂದ ಒಂದು ಪುಸ್ತಕ ತೆಗೆದು ನನ್ನ ಮುಂದಿಟ್ಟ. ಚೀಟಿಯ ನಕಲುಗಳು. ಪ್ರತಿ ಹಾಳೆಯ ಕೆಳಗೆ ಅವನ ಸಹಿ, ಹಂಪೇಶ ಕೆ., ಹಂಪೇಶ ಕೆ.

"ಇಂಥವು ಎಷ್ಟು ಪುಸ್ತಕ ಅದಾವ ಗೊತ್ತೇನು? ಕಾಟಾ ಸುಳ್ಳಂದ್ರ ಮೊದಲು ಹಿಡಿಯೋದು ಯಾರನ್ನ? ಸಾವ್ಕಾರ್ರ ಸಹಿ ಒಂದ್ರಾಗರ ಐತೇನು ನೋಡ್ರಿ. ಬೇಕಂದ್ರ ಸಭಾದಾಗ ಎದ್ದು ಹೇಳ್ರಿ, ನಾನು ಬ್ಯಾಡ ಅನ್ನಂಗಿಲ್ಲ. ಆದ್ರ ಅಪ್ಪನ ಕಲ್ಲು ಕಟ್ಟೆ ಮ್ಯಾಲೆ ಕುಂದ್ರತೈತಿ, ನಾನು ಜೈಲಾಗ ಕುಂದ್ರತೀನಿ."

ಹೊರಗೆ ಲಾರಿ ಹಾರ್ನ್ ಹೊಡೆಯಿತು. ಅವನು ಬಾಗಿಲು ತೆಗೆದು, ಕಣ್ಣೊರೆಸಿಕೊಂಡು, ಮುಂದಿನ ಚೀಟಿಗೆ ಸಹಿ ಮಾಡಿದ. ನಾನು ಬಾಯಿಗೆ ಸೆರಗು ಹಿಡಿದು ವಾಪಸ್ ಬಂದೆ. ನನ್ನ ಬಾಯಿಗೆ ಅಷ್ಟು ಕೆಲಸವಿಲ್ಲದ ದಿನ ನಾನು ಕಂಡಿರಲಿಲ್ಲ.

ಸಭೆಯ ಹಿಂದಿನ ಮುಂಜಾನೆ ಹಾಲು ತಗೊಂಡು ಗುಡಿ ಮುಂದೆ ಹಾಯ್ದೆ. ಕಲ್ಲನ್ನು ತೂಗಿ ತಂದು ಮತ್ತೆ ಅಲ್ಲೇ ಇಳಿಸಿದ್ದರು. ಕೆಂಚಣ್ಣ ಪಂಚೆ ಎತ್ತಿ ಕಟ್ಟಿ ಕಲ್ಲನ್ನು ತಬ್ಬಿ ಕೂತಿದ್ದ. ಹಣೆ ತುಂಬಾ ಬೆವರು. ಕತ್ತಿನ ನರ ಹಗ್ಗದ ಹಾಗೆ ಉಬ್ಬಿದ್ದವು. ಮಂಡಿ ಗಡಗಡ ನಡುಗುತ್ತಿತ್ತು.

"ಅಣ್ಣಾ, ಏನು ಮಾಡಾಕತ್ತಿ? ಬಿಡು, ಸಾಯ್ತಿ."

"ನೂರಾ ನಲವತ್ತು ಅಂದ್ರ ಈಗೂ ಮೊಣಕಾಲಿಗರ ಬರಬೇಕಲ್ಲ ತಂಗಿ. ಬರವಲ್ದು. ಮೂರು ದಿನ ಆತು ನೋಡಾಕತ್ತೀನಿ. ಕಲ್ಲು ಹಗುರ ಐತೋ, ನಾನೇ ಸತ್ತೀನೋ ತಿಳೀವಲ್ದು."

ಇನ್ನೊಮ್ಮೆ ಕೈ ಹಾಕಿದ. ಅವನ ಎದೆ ಒಡೆದು ಹೋಗುತ್ತದೆ ಅಂತ ನನಗೆ ಭಯವಾಯಿತು. ಹಂಪೇಶನ ಪುಸ್ತಕ ಕಣ್ಣ ಮುಂದೆ ಬಂದರೂ ನಾಲಗೆ ನಿಲ್ಲಲಿಲ್ಲ. ಹತ್ತಕ್ಕೆ ಎಂಟು, ಸೆಟ್ಟಿಂಗ್, ಡ್ರೈವರನ ಮಾತು, ಎಲ್ಲಾ ಹೇಳಿಬಿಟ್ಟೆ. ಅವನ ಮುಖ ಒಂದು ಗಳಿಗೆ ಹೊಸಪೇಟೆಯಿಂದ ಬಂಡಿಯಲ್ಲಿ ಬಂದವನ ಮುಖವಾಯಿತು. ಆಮೇಲೆ ನಿಧಾನವಾಗಿ ಇಳಿಯಿತು.

"ಚೀಟಿ ಮ್ಯಾಲೆ ಸಹಿ ಯಾರ್ದು?"

ನಾನು ಹಾಲಿನ ಚೊಂಬನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

"ಹೂಂ" ಅಂದ. ಗೋಡೆ ಹಿಡಿದು ಎದ್ದ. "ಹಾಲು ಒಡದಾತು, ನಡಿ."

ಗ್ರಾಮಸಭೆ ಶಾಲೆಯ ಅಂಗಳದಲ್ಲಿ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ. ಶಂಭುಲಿಂಗ ಸಾವ್ಕಾರರು ಮುಂದಿನ ಸಾಲಿನಲ್ಲಿ ಎರಡು ಮೊಬೈಲ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಹಂಪೇಶ್ ಕೊನೆಯ ಸಾಲಿನಲ್ಲಿ ಕಂಬಕ್ಕೆ ಒರಗಿ ನಿಂತಿದ್ದ. ನಾನು ರಾತ್ರಿಯೆಲ್ಲಾ ಯೋಚಿಸಿ ಏನೂ ತೀರ್ಮಾನಕ್ಕೆ ಬಂದಿರಲಿಲ್ಲ. ಎದ್ದು ಮಾತಾಡಿದರೆ ಮಗ ಹೋಗುತ್ತಾನೆ, ಸುಮ್ಮನಿದ್ದರೆ ಅಪ್ಪ ಹೋಗುತ್ತಾನೆ.

ತಾಯಪ್ಪ ಚೀಟಿ ಓದಿದ. "ನೂರಾ ನಲವತ್ತು ಬಂದೈತಿ. ಈಗೇನು ಮಾಡೋದು, ಸಭಾ ಹೇಳಬೇಕು."

ಸಾವ್ಕಾರರು ಎದ್ದರು. ಮಾತು ಬೆಣ್ಣೆ. "ನಮ್ಮೂರ ಮರ್ಯಾದಿ ಪ್ರಶ್ನೆ ಇದು. ನೂರಾ ಎಂಬತ್ತು ಅಂತನ ಕೆತ್ತಸ್ತೀನಿ. ಮತ್ಯಾರು ತೂಗಾಕ ಬರ್ತಾರ? ಚೆನ್ನಬಸಕ್ಕಂಗೂ ಸಮಾಧಾನ ಆಗ್ಲಿ."

ಮಂದಿ ತಲೆಯಾಡಿಸಿದರು. ಅಷ್ಟರಲ್ಲಿ ಕೆಂಚಣ್ಣ ಎದ್ದು ನಿಂತ.

"ಬ್ಯಾಡ್ರಿ ಸಾವ್ಕಾರ್ರ. ಕಾಟಾ ನೂರಾ ನಲವತ್ತು ಅಂದೈತಿ, ಅಷ್ಟೇ ಇದ್ದೀತು. ಆವತ್ತು ಹೊಸಪೇಟ್ಯಾಗ ತಕ್ಕಡಿ ಹಿಡದಾವ ನಮ್ಮ ಕಡೆ ಮನಷ್ಯಾ, ಕೈ ಒತ್ತಿದ್ದಾನು. ನಾನು ಎತ್ತಿದ್ದು ನೂರಾ ನಲವತ್ತು. ಅಷ್ಟು ಎತ್ತಿದಾವ್ರು ಸುತ್ತ ನಾಕೂರಾಗ ಹತ್ತು ಮಂದಿ ಅದಾರ. ಸರ್ಕಲ್ಲು ನನಗ ಬ್ಯಾಡ, ಬರಕೊಳ್ರಿ."

ಅಷ್ಟೂ ಮಾತನ್ನು ಅವನು ನೆಲ ನೋಡಿಕೊಂಡು ಹೇಳಿದ. ಎತ್ತಿದವನೇ ತನ್ನ ಕೈಯಾರೆ ನಲವತ್ತು ಕಿಲೋ ಇಳಿಸಿ ಮಗನ ತಲೆ ಕಾಯುತ್ತಿದ್ದ, ನಾನು ನೋಡುತ್ತಾ ಕೂತಿದ್ದೆ. ತಾಯಪ್ಪ ಕಾರ್ಯದರ್ಶಿಗೆ ಕಣ್ಸನ್ನೆ ಮಾಡಿದ. ಕಾರ್ಯದರ್ಶಿ ಪೆನ್ನಿನ ಟೊಪ್ಪಿಗೆ ತೆಗೆದ.

"ಅಧ್ಯಕ್ಷರ, ಬರೀಬ್ಯಾಡ್ರಿ."

ಹಂಪೇಶ್. ಕಂಬ ಬಿಟ್ಟು ಮುಂದೆ ಬಂದಿದ್ದ.

"ಆ ಚೀಟಿ ಕೊಟ್ಟಾವ ನಾನು. ಜೋಳದ ತಕ್ಕಡಿ ತರಿಸ್ರಿ. ಇಲ್ಲೇ, ಎಲ್ಲಾರ ಮುಂದ ಕಲ್ಲು ತೂಗ್ರಿ. ಆಮ್ಯಾಲೆ ಅದೇ ಕಲ್ಲನ್ನ ಕಾಟಾಕ್ಕ ಒಯ್ದು ಇನ್ನೊಮ್ಮೆ ತೂಗ್ರಿ. ಎರಡೂ ಪಕ್ಕ ಪಕ್ಕ ಬರದು ಇಡ್ರಿ."

"ಲೇ ಹಂಪ್ಯಾ, ಕುಂದ್ರು" ಅಂದ ಕೆಂಚಣ್ಣ.

"ಇಲ್ಲಪ್ಪ. ನೀ ಕುಂದ್ರು."

ಹಿಂದಿದ್ದ ಒಬ್ಬ ಮುದುಕ ಮಾತ್ರ, "ತೂಗ್ರಿ, ಅದಕ್ಕೇನು, ನಮ್ಮ ಮನ್ಯಾಗ ತಕ್ಕಡಿ ಐತಿ" ಅಂದ. ಅವನ ಮಗ ಅವನ ಪಂಚೆ ಜಗ್ಗಿ ಕೂರಿಸಿದ. ಆ ಮಗನದೊಂದು ಲಾರಿ ಓಡುತ್ತಿತ್ತು. ಆಗ ನಾನು ಸುತ್ತ ನೋಡಿದೆ. ಅಲ್ಲಿ ಕೂತವರಲ್ಲಿ ಒಬ್ಬನದು ಟಿಪ್ಪರ್, ಇನ್ನೊಬ್ಬನ ಅಳಿಯ ಡ್ರೈವರ್, ಮತ್ತೊಬ್ಬ ಗುಡ್ಡದಲ್ಲಿ ಮೇಸ್ತ್ರಿ. ತಾಯಪ್ಪನ ಎರಡು ಟಿಪ್ಪರ್ ಆ ಗಳಿಗೆಯಲ್ಲೂ ರಸ್ತೆಯ ಮೇಲಿದ್ದವು. ನನ್ನ ಹೊಟ್ಟೆ ತುಂಬುವುದೂ ಆ ಲಾರಿಗಳ ಡ್ರೈವರುಗಳು ಉಣ್ಣುವ ಊಟದಿಂದಲೇ. ತಕ್ಕಡಿ ಬಂದರೆ ಏನೇನು ಹೊರಬರುತ್ತದೆ ಅಂತ ಎಲ್ಲರಿಗೂ ಒಟ್ಟಿಗೇ ಹೊಳೆದಿತ್ತು. ಸಾವ್ಕಾರರು ಮೊಬೈಲ್ ಎತ್ತಿ ನೋಡಿದರು, ಅದು ಬಡಿದುಕೊಂಡಿರಲಿಲ್ಲ.

ತಾಯಪ್ಪ ಎದ್ದ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

"ಏನಪ್ಪಾ ಇದು, ಕೆಂಚಣ್ಣನಂಥಾವನ ತಾಕತ್ತನ್ನ ಕಿಲೋದಾಗ ಅಳೆಯೋದು ಅವಂಗ ಅಪಮಾನ ಅಲ್ಲೇನು? ತೂಕಾನ ಬ್ಯಾಡ. 'ಗುಂಡು ಎತ್ತಿದ ವೀರ ಕೆಂಚಣ್ಣ' ಅಷ್ಟು ಸಾಕು. ಏನಂತೀರಿ?"

"ಹೌದ್ರಿ, ಬರೋಬ್ಬರಿ ಐತಿ" ಅಂದರು ನಾಲ್ಕು ಕಡೆಯಿಂದ. ಸಾವ್ಕಾರರೇ ಮೊದಲು ಚಪ್ಪಾಳೆ ತಟ್ಟಿದರು. ಸರ್ಕಲ್ಲಿಗೆ ಕೆಂಚಣ್ಣನ ಹೆಸರು, ಸರ್ವಾನುಮತ, ಕಲ್ಲಿನ ತೂಕ ನಮೂದಿಸತಕ್ಕದ್ದಲ್ಲ. ನನ್ನ ವರ್ಷದ ಹಟ ಐದು ನಿಮಿಷದಲ್ಲಿ ಪಾಸಾಯಿತು. ಕೈ ಎತ್ತಿ ಅಂದಾಗ ನಾನೂ ಎತ್ತಿದೆ. ಹಂಪೇಶನ ಹೆಸರು ಆ ಮಾತಿನಿಂದ ಹೊರಗುಳಿಯಲಿ ಅಂತ ಎತ್ತಿದೆನೋ, ನನ್ನ ಖಾನಾವಳಿಗಾಗಿ ಎತ್ತಿದೆನೋ, ಈಗಲೂ ಸರಿಯಾಗಿ ಹೇಳಲಾರೆ.

ಊರಿನ ಕೆಲಸ ಅಷ್ಟು ಜಲ್ದಿ ಆದದ್ದು ನಾನು ಕಂಡಿಲ್ಲ. ಮಧ್ಯಾಹ್ನ ಎರಡಕ್ಕೆ ಸಿಮೆಂಟು, ಜಲ್ಲಿ ಬಂದು ಬಿತ್ತು. ಮೂರಕ್ಕೆ ಕಲ್ಲು ಬಂತು. ಟ್ರೇಲರಿನಿಂದ ಕಟ್ಟೆಗೆ ಇಳಿಸಲು ನಾಲ್ಕು ಜನ ಹಗ್ಗ ಹಾಕಿ ಹಿಡಿದರು. ಅದರಲ್ಲಿ ಒಬ್ಬ ಹಂಪೇಶ್. ಒಂದೇ ಹೆಜ್ಜೆಗೆ ಒಬ್ಬನ ಮುಖ ಕಪ್ಪಿಟ್ಟಿತು, ಇನ್ನೊಬ್ಬ "ಅವ್ವಾ" ಅಂತ ಕೂತೇಬಿಟ್ಟ. ಕೆಂಚಣ್ಣ ನನ್ನ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಬೆನ್ನು ಬಗ್ಗಿಸಬ್ಯಾಡ ಲೇ, ಮಂಡಿ ಬಗ್ಗಸು" ಅಂದ ಮಗನಿಗೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, "ಜೋಳದ ರೊಟ್ಟಿ ಉಂಡ ಮೈ ನಾಕು ಅದಾವ, ತಂಗಿ. ನಾಕು ಮಂದಿಗೆ ನೂರಾ ನಲವತ್ತು ಅಷ್ಟು ಭಾರ ಆಗಂಗಿಲ್ಲ" ಅಂದ. ಕಲ್ಲು ತೂಗಿದ ಮೇಲೆ ಅವನು ನಕ್ಕದ್ದು ಆಗಲೇ.

ಕಲ್ಲನ್ನು ಸುಮ್ಮನೆ ಇಡುತ್ತಾರೆ ಅಂದುಕೊಂಡಿದ್ದೆ. ಅರ್ಧ ಮುಳುಗುವತನಕ ಕಾಂಕ್ರೀಟ್ ಸುರಿದರು. ಸಾವ್ಕಾರರು ಜೀಪಿನಿಂದ ಇಳಿಯದೆ, "ಇನ್ನೊಂದು ಬುಟ್ಟಿ ಹಾಕ್ರಿ, ಅಲುಗಬಾರ್ದು" ಅಂತ ಹೇಳಿ ಕಳಿಸಿದರು. ಎತ್ತುವ ಕಲ್ಲನ್ನು ಮತ್ತೆ ಯಾರೂ ಎತ್ತಿ ತೂಗದಂತೆ ಹೂತರು. ಕೆಂಚಣ್ಣ ನಗುವುದನ್ನು ನಿಲ್ಲಿಸಿದ. ಜೀಪ್ ಹೊರಡುವ ಮುಂಚೆ ಡ್ರೈವರ್ ಬಂದು ಹಂಪೇಶನಿಗೆ ಹೇಳಿದ: "ನಾಳೆ ಮುಂಜಾನೆ ಚೀಟಿ ಪುಸ್ತಕ ಎಲ್ಲಾ ತಗೊಂಡು ಮನಿಗೆ ಬರಬೇಕಂತ."

ಬೆಳಿಗ್ಗೆ ಪುಸ್ತಕಗಳ ಗೋಣಿಚೀಲ ಸೈಕಲ್ಲಿಗೆ ಕಟ್ಟಿಕೊಂಡು ಹಂಪೇಶ್ ಹೋದ. ಕೆಂಚಣ್ಣ ಸೈಕಲ್ಲಿನ ಸೀಟು ಹಿಡಿದುಕೊಂಡು ಕುಂಟುತ್ತಾ ಜೊತೆಗೆ ಹೋದ. ಬ್ಯಾಡಪ್ಪ ಅಂದರೂ ಕೇಳಲಿಲ್ಲ. ನಾನು ಒಲೆ ಮುಂದೆ ಕೂತು ರಸ್ತೆಯನ್ನೇ ನೋಡುತ್ತಿದ್ದೆ. ಎಂಟು ಹೊಡೆಯಿತು, ಒಂಬತ್ತು ಹೊಡೆಯಿತು. ಹತ್ತರ ಹೊತ್ತಿಗೆ ಇಬ್ಬರೂ ಬಂದರು. ಸೈಕಲ್ಲಿನ ಮೇಲೆ ಚೀಲ ಇರಲಿಲ್ಲ.

"ನಾಳೆಯಿಂದ ಬರಬ್ಯಾಡ ಅಂದ್ರು ಅತ್ತಿ" ಅಂದ ಹಂಪೇಶ್. "ಬೈಯಲಿಲ್ಲ. ಚಹಾ ಕೊಟ್ರು. ಪುಸ್ತಕ ಇಲ್ಲೇ ಇರ್ಲಿ ಅಂದ್ರು. ನಾಳೆ ಸರ್ಕಾರದಾವ್ರು ಯಾರರ ಕೇಳಾಕ ಬಂದ್ರ ಅವರ ಕೈಯಾಗ ನನ್ನ ಸಹಿ ಐತಿ, ನನ್ನ ಕೈಯಾಗ ಏನೂ ಇಲ್ಲ."

"ಕೇಳಿದ್ರ ಇದ್ದದ್ದು ಇದ್ದಂಗ ಹೇಳು" ಅಂದ ಕೆಂಚಣ್ಣ, ಬೆಂಚಿನ ಮೇಲೆ ಮಂಡಿ ಒತ್ತಿಕೊಳ್ಳುತ್ತಾ. "ಸಹಿ ಮಾಡಿದ್ದು ನೀನು, ಮಾಡಿಸಿದ್ದು ಅವರು ಅಂತ ಹೇಳು. ಆವತ್ತು ನಾನೂ ಬರ್ತೀನಿ."

"ನೀ ಬಂದು ಏನು ಮಾಡ್ತಿ?"

"ಬಾಗಲದಾಗ ಕುಂದ್ರತೀನಿ. ಇವತ್ತು ಕುಂತಿದ್ದೆನಲ್ಲ."

ನಾನು ಇಬ್ಬರಿಗೂ ರೊಟ್ಟಿ, ಹಿಂಡಿ ಪಲ್ಯ ಹಾಕಿದೆ. ಎದುರಿಗೆ ಸರ್ಕಲ್ಲಿನ ಕಟ್ಟೆಗೆ ಹಸಿ ಗೋಣಿ ಹೊದಿಸಿ ನೀರು ಹಾಕಿದ್ದರು. ಹಂಪೇಶ್ ಎರಡು ತುತ್ತು ತಿಂದಿರಬಹುದು, ಸರ್ಕಾರಿ ಬೋರ್ಡಿನ ಒಂದು ಬಿಳೀ ಜೀಪ್ ಬಂದು ಕಟ್ಟೆಯ ಹತ್ತಿರ ನಿಧಾನ ಮಾಡಿತು. ಅವನ ಕೈ ತಾಟಿನ ಮೇಲೆ ನಿಂತಿತು. ನನ್ನ ಕೈಯೂ ಹಿಟ್ಟಿನಲ್ಲಿ ನಿಂತಿತು. ಒಳಗಿದ್ದವನು ತಲೆ ಹೊರಹಾಕಿ ದಾರಿ ನೋಡಿದ, ಏನೋ ಕೇಳಬೇಕು ಅಂದುಕೊಂಡು ಬಿಟ್ಟ. ಜೀಪ್ ಸಂಡೂರಿನ ಕಡೆ ತಿರುಗಿ ಹೋಯಿತು.

"ಉಣ್ಣು" ಅಂದ ಕೆಂಚಣ್ಣ ಮಗನಿಗೆ. ತಾನು ಮಾತ್ರ ಆ ಜೀಪಿನ ಧೂಳು ಕೂರುವತನಕ ಅದೇ ದಿಕ್ಕಿಗೆ ನೋಡುತ್ತಾ ಕೂತ.